ಯಾರಿಗೂ ಸೇರದ ಹದಿನೆಂಟು ಹೆಜ್ಜೆ

ನನ್ನ ಅಕ್ಕನ ಮನೆಯ ನಡುಕೋಣೆಯಲ್ಲಿ ಒಂದು ಹಳೆಯ ಮಂಚವಿತ್ತು. ತಲೆದಿಂಬಿನ ಕಡೆ ಅದಕ್ಕೆ ತೊಲೆಯಂಥ ಎರಡು ಮರದ ಕಾಲು. ಕಾಲು ಚಾಚುವ ಕಡೆ ಮಾತ್ರ ಇಟ್ಟಿಗೆ ಪೇರಿಸಿತ್ತು. ಮನೆಗೆ ಹೊಸಬರು ಬಂದಾಗ ಅಕ್ಕ ಚಾದರವನ್ನು ನೆಲದವರೆಗೆ ಎಳೆದು ಇಟ್ಟಿಗೆ ಮುಚ್ಚುತ್ತಿದ್ದಳು. ಯಾರಾದರೂ ಕೇಳಿಯೇ ಬಿಟ್ಟರೆ, "ನಮ್ಮ ಮನೆಯವರು ಕಾಲು ಕೊಯ್ದು ಕೆಲಸಕ್ಕೆ ಹೊತ್ಕೊಂಡು ಹೋಗಿದಾರೆ," ಎನ್ನುತ್ತಿದ್ದಳು. ಕೇಳಿದವರು ತಮಾಷೆ ಎಂದುಕೊಂಡು ನಗುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ.

ಕೊಯ್ದವರು ನನ್ನ ಭಾವ. ಊರಿಗೆ ಕುಡಿಯುವ ನೀರು ಕೊಡುವ ಇಲಾಖೆಯಲ್ಲಿ ಎಣಿಕೆಯ ಗುಮಾಸ್ತರಾಗಿ ಇಪ್ಪತ್ತಾರು ವರ್ಷ ದುಡಿದವರು. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಸಂಜೆ ಕೆಲಸದಿಂದ ಬಂದವರು ಕೈಕಾಲು ತೊಳೆದು ನಾನು ಹೊಲಿಗೆ ಮಾಡುವ ಜಗಲಿಗೆ ಬಂದು ಕೂರುತ್ತಿದ್ದರು. "ನಿಮ್ಮಕ್ಕನ ಮುಂದೆ ಹೇಳಿದ್ರೆ ಅವಳು ಉತ್ತರ ಹೇಳ್ತಾಳೆ. ನೀನಾದ್ರೆ ಸುಮ್ನೆ ಕೇಳ್ತೀಯ," ಎನ್ನುತ್ತಿದ್ದರು. ಅವರು ಹೇಳಿದ್ದನ್ನೂ ನಾನೇ ಕಂಡದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ನೀರು ಶುದ್ಧ ಮಾಡುವ ಘಟಕ ಹೊಳೆಯ ಆಚೆ ದಡದಲ್ಲಿದೆ. ಅದಕ್ಕೆ ಬೇಕಾದ ಕ್ಲೋರಿನ್ ರೈಲಿನಲ್ಲಿ ಈಚೆ ದಡಕ್ಕೆ ಬರುತ್ತದೆ. ವಾರಕ್ಕೆ ಎರಡು ಸಲ, ಸಲಕ್ಕೆ ಆರು ಉಕ್ಕಿನ ಪೀಪಾಯಿ. ತುಂಬಿದ ಪೀಪಾಯಿ ಒಂದೊಂದೂ ಒಂದೂವರೆ ಟನ್ನು ತೂಗುತ್ತದೆ. ಒಳಗಿರುವುದು ಒತ್ತಿ ಒತ್ತಿ ನೀರಿನಂತೆ ಮಾಡಿದ ಗಾಳಿ. ಒಂದು ಲೋಟದಷ್ಟು ಚೆಲ್ಲಿದರೆ ನಾನೂರು ಲೋಟಕ್ಕೂ ಮಿಕ್ಕಿ ಗಾಳಿಯಾಗಿ ಹಬ್ಬುತ್ತದೆ ಎಂದು ಭಾವ ಹೇಳುತ್ತಿದ್ದರು. ಹೊಗೆಯ ಹಾಗೆ ಅದು ಮೇಲಕ್ಕೆ ಹೋಗುವುದಿಲ್ಲ. ಮಾಮೂಲು ಗಾಳಿಗಿಂತ ಭಾರ. ನೆಲ ಹಿಡಿದು, ತಗ್ಗು ಹುಡುಕಿಕೊಂಡು ಇಳಿಯುತ್ತದೆ. ಒಂದು ಚಿಟಿಕೆ ನಮ್ಮ ನೀರಿನಲ್ಲಿದ್ದರೆ ಕಾಯಿಲೆ ದೂರ. ಅದೇ ಎದೆಗೆ ಹೊಕ್ಕರೆ ಮನುಷ್ಯ ನಿಂತಲ್ಲೇ ಒದ್ದಾಡುತ್ತಾನೆ.

ರೈಲು ನಿಲ್ಲುವ ಕಡೆ ಒಂದು ಸರಕಿನ ಕಟ್ಟೆ, ಭಾವ ಪೀಪಾಯಿ ಎಣಿಸುತ್ತಿದ್ದದ್ದು ಅಲ್ಲೇ. ಕಟ್ಟೆಯ ಒಂದು ಅಂಚಿಗೆ ವ್ಯಾಗನ್ನು, ಇನ್ನೊಂದು ಅಂಚಿಗೆ ಲಾರಿ. ಪೀಪಾಯಿಗಳನ್ನು ವ್ಯಾಗನ್ನಿನಿಂದ ಕಟ್ಟೆಗೆ ಉರುಳಿಸಿ, ಕಟ್ಟೆಯಿಂದ ಲಾರಿಗೆ ಉರುಳಿಸಬೇಕು. ಲಾರಿ ಗುಡ್ಡ ಸುತ್ತಿ ಹೊಳೆಯ ದಂಡೆಗೆ ಇಳಿಯುತ್ತದೆ. ಅಲ್ಲಿ ರಾಟೆಯಿಂದ ಎತ್ತಿ ದೊಡ್ಡ ದೋಣಿಗೆ ಹಾಕುತ್ತಾರೆ. ಕಟ್ಟೆಯಿಂದ ನೇರವಾಗಿ ಕೆಳಕ್ಕೆ ನೋಡಿದರೆ ಎಂಬತ್ತು ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ದೋಣಿಗೆ ಕಾಯುವವರ ತಗಡಿನ ಚಪ್ಪರ. ನನ್ನ ಅಕ್ಕನ ಮಗಳು ಆಚೆ ದಡದ ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ಅವಳು ಕಾಯುತ್ತಿದ್ದದ್ದು ಆ ಚಪ್ಪರದಲ್ಲೇ.

ರೈಲಿನವರಿಗೆ ಅವರದೇ ನಿಯಮದ ಪುಸ್ತಕವಿದೆ, ಲಾರಿಯವರಿಗೆ ಅವರದು, ದೋಣಿಯವರಿಗೆ ಅವರದು. ಮೂರನ್ನೂ ಭಾವ ತಂದು ನನಗೆ ಓದಿ ಹೇಳಿದ್ದರು. ಒಂದರಲ್ಲೂ ತಪ್ಪಿಲ್ಲ. ವ್ಯಾಗನ್ನಿನ ನೆಲಕ್ಕೆ ಮರದ ಬೆಣೆ ಹೊಡೆದಿರಬೇಕು ಎಂದು ರೈಲಿನ ಪುಸ್ತಕ ಹೇಳುತ್ತದೆ, ಹೊಡೆದಿರುತ್ತಾರೆ. ಲಾರಿಯ ನೆಲಕ್ಕೆ ಬೋಲ್ಟು ಹಾಕಿದ ಬೆಣೆ ಇರಬೇಕು ಎಂದು ರಸ್ತೆಯ ಪುಸ್ತಕ, ಇರುತ್ತದೆ. ಪೀಪಾಯಿ ಇರುವ ದೋಣಿಗೆ ಜನರನ್ನು ಹತ್ತಿಸಬಾರದು ಎಂದು ನೀರಿನ ಪುಸ್ತಕ, ಹತ್ತಿಸುವುದಿಲ್ಲ. ಹಾಗಾಗಿಯೇ ಪೀಪಾಯಿ ಬಂದ ದಿನ ಜನರೆಲ್ಲ ಚಪ್ಪರದಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ, ಕಟ್ಟೆಗೆ ಸರಿಯಾಗಿ ಕೆಳಗೆ.

ಕಟ್ಟೆಗೆ ಮಾತ್ರ ಯಾವ ಪುಸ್ತಕವೂ ಇರಲಿಲ್ಲ. ವ್ಯಾಗನ್ನಿನ ಬಾಗಿಲಿಗೆ ರೈಲಿನವರ ಜವಾಬ್ದಾರಿ ಮುಗಿಯುತ್ತದೆ. ಲಾರಿಯ ನೆಲ ಮುಟ್ಟಿದ ಮೇಲೆ ಲಾರಿಯವರದು ಶುರು. ನೀರಿನ ಇಲಾಖೆಯದು ಆಚೆ ದಡದಲ್ಲಿ ಇಳಿದ ಮೇಲೆ. ನಡುವಿನ ಆ ಜಾಗವನ್ನು ಭಾವ ಹೆಜ್ಜೆ ಹಾಕಿ ಅಳೆದಿದ್ದರು, ಹದಿನೆಂಟು ಹೆಜ್ಜೆ.

ಹದಿನೆಂಟು ಹೆಜ್ಜೆಯನ್ನು ಒಂದೇ ಉಸಿರಿಗೆ ದಾಟಿಸಿದ್ದರೆ ಚಿಂತೆಯಿರಲಿಲ್ಲ. ಆದರೆ ರೈಲಿನವರು ಒಂದು ಗಂಟೆಯೊಳಗೆ ವ್ಯಾಗನ್ನು ಖಾಲಿ ಮಾಡಿಸುತ್ತಿದ್ದರು. ಲಾರಿಗೆ ಹಿಡಿಸುವುದು ಎರಡೇ ಪೀಪಾಯಿ. ಅದು ದಂಡೆಗೆ ಹೋಗಿ ಇಳಿಸಿ ಮತ್ತೆ ಬರುವವರೆಗೆ ಉಳಿದ ನಾಲ್ಕು ಕಟ್ಟೆಯ ಮೇಲೆ ಬಿದ್ದಿರಬೇಕು. ಮಳೆನೀರು ಹರಿದುಹೋಗಲೆಂದು ಕಟ್ಟೆಯನ್ನು ಹೊಳೆಯ ಕಡೆಗೆ ತುಸು ಓರೆಯಾಗಿ ಕಟ್ಟಿದ್ದಾರೆ. ದುಂಡಗಿನ ಪೀಪಾಯಿ, ಓರೆ ನೆಲ, ಬೆಣೆ ಇಲ್ಲ. ಹಮಾಲರು ಅಲ್ಲಿ ಇಲ್ಲಿ ಬಿದ್ದ ಇಟ್ಟಿಗೆ ಚೂರನ್ನು ಕೊಟ್ಟು ನಿಲ್ಲಿಸುತ್ತಿದ್ದರು.

"ವ್ಯಾಗನ್ನಿನ ಬೆಣೆ ಎರಡು ಗಂಟೆ ಕೊಡಿ ಸ್ವಾಮಿ," ಎಂದು ಭಾವ ಸ್ಟೇಷನ್ ಮಾಸ್ತರರನ್ನು ಕೇಳಿದರು.

"ವ್ಯಾಗನ್ನಿನ ಬೆಣೆ ವ್ಯಾಗನ್ನಿನ ಜೊತೆ ಹೋಗ್ಬೇಕು ಕಣ್ರೀ. ಇಲ್ಲಿ ಬಿಟ್ರೆ ಮುಂದಿನ ಸ್ಟೇಷನ್ನಿನಲ್ಲಿ ನನ್ನನ್ನೇ ಬೆಣೆ ಮಾಡಿ ಹೊಡೀತಾರೆ."

ಲಾರಿ ಓಡಿಸುವವನನ್ನು ಕೇಳಿದರು. ಅವನು ಮಾತಿಗಿಂತ ಹೆಚ್ಚು ಹಾರ್ನ್ ಹೊಡೆಯುವ ಆಸಾಮಿ. ಎಲ್ಲರೂ ಅವನನ್ನು ಹಾರ್ನಣ್ಣ ಎಂದೇ ಕರೆಯುತ್ತಿದ್ದರು. "ನನ್ನ ಬೆಣೆಗೆ ಬೋಲ್ಟ್ ಹಾಕಿದೆ ಸಾರ್. ಬಿಚ್ಚಿದ್ರೆ ನನ್ನ ಲೈಸೆನ್ಸೂ ಬಿಚ್ಚಿಕೊಳ್ಳುತ್ತೆ," ಎಂದ.

ಭಾವ ಕಾಗದ ಬರೆಯಲು ಶುರು ಮಾಡಿದ್ದು ಆಗ. ಕಟ್ಟೆಗೆಂದೇ ನಾಲ್ಕು ಮರದ ಬೆಣೆ ಕೊಡಿ, ಅಷ್ಟೇ. ನಾಲ್ಕೂ ಪೀಪಾಯಿಗಳನ್ನು ಒತ್ತಾಗಿ ಸಾಲು ನಿಲ್ಲಿಸಿ, ಸಾಲಿನ ಎರಡು ತುದಿಗೆ ಎರಡೆರಡು ಬೆಣೆ ಕೊಟ್ಟರೆ ಮುಗಿಯಿತು. ರೈಲಿನವರಿಗೆ ಏಳು ಕಾಗದ, ಲಾರಿಯ ಕಂಪನಿಗೆ ಐದು, ಸ್ವಂತ ಇಲಾಖೆಗೆ ಏಳು. ಬಂದ ಉತ್ತರಗಳಲ್ಲಿ ಕಟ್ಟೆಯು ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಸಂಬಂಧಪಟ್ಟವರನ್ನು ಕೇಳಿ ಎಂದಿತ್ತು. ಸ್ವಂತ ಇಲಾಖೆಯವರು ಇನ್ನೂ ಒಂದು ಸಾಲು ಸೇರಿಸಿದ್ದರು: ನಿಮ್ಮ ಕೆಲಸ ಎಣಿಸುವುದು ಮಾತ್ರ, ದಯವಿಟ್ಟು ಎಣಿಸಿ.

"ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ," ಭಾವ ಆ ಕಾಗದವನ್ನು ನನ್ನ ಹೊಲಿಗೆ ಯಂತ್ರದ ಮೇಲೆ ಎಸೆದು ಹೇಳಿದರು. "ಇಲ್ಲಿ ಎಳೆಯೋರೇ ಇಲ್ಲ. ಗಾಡಿ ನಡುದಾರೀಲಿ ನಿಂತಿದೆ."

ಕೊನೆಗೆ ಒಂದು ಭಾನುವಾರ ಅವರು ಗರಗಸ ಹಿಡಿದು ಮಂಚದ ಕೆಳಗೆ ತೂರಿದರು. ಅದು ಅಕ್ಕನ ಅತ್ತೆಯ ಕಾಲದ ಮಂಚ. ಒಳ್ಳೆಯ ಮರ, ಗಟ್ಟಿ ಚೌಕದ ಕಾಲು. ಒಂದೊಂದು ಕಾಲನ್ನೂ ಓರೆಯಾಗಿ ಸೀಳಿದರೆ ಎರಡೆರಡು ಬೆಣೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ರೀ, ನಿಮಗೇನು ತಲೆ ಕೆಟ್ಟಿದೆಯಾ? ಸರ್ಕಾರದ ಪೀಪಾಯಿಗೆ ನಮ್ಮ ಮನೆ ಮಂಚ ಯಾಕೆ?"

"ಸರ್ಕಾರ ಕೊಡ್ಲಿಲ್ವಲ್ಲೇ."

"ಅವರು ಕೊಡ್ಲಿಲ್ಲ ಅಂದ್ರೆ ಬೇಡ ಅಂತಲೇ ಅರ್ಥ. ನಾಳೆ ಅಲ್ಲಿ ಹಗ್ಗ ಇಲ್ಲ ಅಂದ್ರೆ ನನ್ನ ಸೀರೆ ಹರೀತೀರಿ."

"ಕೆಳಗೆ ಚಪ್ಪರದಲ್ಲಿ ಯಾರು ನಿಂತಿರ್ತಾಳೆ ಅಂತ ಗೊತ್ತಾ ನಿನಗೆ?" ಎಂದರು ಭಾವ. ಅಕ್ಕ ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದಳು.

ಬೆಣೆಗಳು ಕಟ್ಟೆಗೆ ಹೋದವು. ಭಾವನಿಗೆ ಬೆಣೆಯಪ್ಪ ಎಂಬ ಹೆಸರು ಬಂತು. ಹಾರ್ನಣ್ಣ ಲಾರಿ ನಿಲ್ಲಿಸಿದ ಕೂಡಲೇ, "ಬೆಣೆಯಪ್ಪನೋರೇ, ಮಂಚ ಹೇಗಿದೆ? ಈ ಸಲ ಕುರ್ಚಿನಾ, ಬಾಗಿಲಾ?" ಎಂದು ಕೂಗುತ್ತಿದ್ದ. ದೋಣಿಯವನು ಕೆಳಗಿನಿಂದಲೇ, "ನನಗೊಂದು ಹುಟ್ಟು ಮಾಡಿಕೊಡಿ," ಎನ್ನುತ್ತಿದ್ದ. ಭಾವ ತಾವೂ ನಕ್ಕುಬಿಡುತ್ತಿದ್ದರು. ನಗಲಿ ಬಿಡು, ಬೆಣೆ ಕೂತಿದೆಯಲ್ಲ, ಎನ್ನುವರು. ಹೀಗೆ ಎರಡು ವರ್ಷ ನಡೆಯಿತು.

ಮನೆಯಲ್ಲಿ ಅವರ ಪಾಠ ಬೇರೆ. ಊಟಕ್ಕೆ ಕೂತಾಗಲೆಲ್ಲ ಮಗಳನ್ನು ಕೇಳುವರು. "ಸೋರಿದ್ರೆ ಎಲ್ಲಿಗೆ ಓಡ್ತೀಯ?"

"ಗಾಳಿಗೆ ಎದುರಾಗಿ, ಎತ್ತರಕ್ಕೆ. ಹೊಳೆ ಕಡೆಗಲ್ಲ, ಮೆಟ್ಟಿಲ ಕಡೆಗೂ ಅಲ್ಲ. ಅಪ್ಪಾ, ಮಕ್ಕಳಿಗೆ ನಾನು ಮಗ್ಗಿ ಹೇಳಿಸೋದಕ್ಕಿಂತ ಜಾಸ್ತಿ ನೀವು ಇದನ್ನ ಹೇಳಿಸಿದೀರಿ."

"ನೀರು ಹಾಕಬಹುದಾ?"

"ಹಾಕಬಾರದು. ಹಾಕಿದ್ರೆ ತೂತು ಇನ್ನೂ ದೊಡ್ಡದಾಗುತ್ತೆ. ಈಗ ಸಾರಿಗಾದ್ರೂ ನೀರು ಹಾಕ್ಕೊಳ್ಲಾ, ಗಟ್ಟಿಯಾಗಿದೆ?"

ಮೂರನೆಯ ವರ್ಷ ಸುರಕ್ಷತೆಯ ತಪಾಸಣೆ ಬಂತು. ತಪಾಸಣೆಯ ಸಾಹೇಬರ ತಲೆಯ ಮೇಲೆ ಹೊಚ್ಚ ಹೊಸ ಹಳದಿ ಟೊಪ್ಪಿಗೆ. ಅವರು ವ್ಯಾಗನ್ನಿನ ಬೆಣೆ ಎಣಿಸಿದರು, ಸರಿಯಿತ್ತು. ಲಾರಿಯ ಬೆಣೆ ಎಣಿಸಿದರು, ಸರಿಯಿತ್ತು. ಆಮೇಲೆ ಕಟ್ಟೆಯ ಮೇಲೆ ಭಾವನ ನಾಲ್ಕು ಬೆಣೆ ಕಂಡವು.

"ಇವು ಯಾವ ಪಟ್ಟಿಯಲ್ಲಿವೆ?"

"ಪಟ್ಟಿಯಲ್ಲಿಲ್ಲ ಸಾರ್. ನಾನೇ ಮನೆಯಿಂದ ತಂದದ್ದು."

"ಯಾರು ಪರೀಕ್ಷೆ ಮಾಡಿದಾರೆ? ಮೊಹರು ಎಲ್ಲಿ?"

"ಎರಡು ವರ್ಷದಿಂದ ಒಂದೂ ಪೀಪಾಯಿ ಅಲ್ಲಾಡಿಲ್ಲ ಸಾರ್. ಅದೇ ಪರೀಕ್ಷೆ."

"ಅಪಾಯಕಾರಿ ಸರಕಿಗೆ ಮೊಹರಿಲ್ಲದ ಸಾಮಾನು ಬಳಸೋ ಹಾಗಿಲ್ಲ. ತುಂಬಾ ಅಪಾಯ," ಎಂದು ಸಾಹೇಬರು ನಾಲ್ಕನ್ನೂ ಜೀಪಿಗೆ ಹಾಕಿಸಿ ರಸೀದಿ ಕೊಟ್ಟರು.

"ಹಾಗಾದ್ರೆ ಮೊಹರಿರೋದನ್ನ ಕೊಡಿ ಸಾರ್."

"ಕಟ್ಟೆ ಯಾರದು?"

ಆ ಪ್ರಶ್ನೆಯನ್ನು ಭಾವ ಹತ್ತೊಂಬತ್ತು ಸಲ ಕೇಳಿದ್ದರು. ತಮ್ಮನ್ನೇ ಯಾರಾದರೂ ಕೇಳುತ್ತಾರೆ ಎಂದುಕೊಂಡಿರಲಿಲ್ಲ. ಅಂದು ಸಂಜೆ ಜಗಲಿಗೆ ಬಂದವರು ಆ ರಸೀದಿಯನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. "ಮಂಚದ ಕಾಲಿಗೆ ರಸೀದಿ ಕೊಟ್ಟಿದಾರೆ ನೋಡಮ್ಮ. ಹುಷಾರಾಗಿಟ್ಕೋಬೇಕಂತೆ." ಅವರ ದನಿ ಯಾವತ್ತೂ ಅಷ್ಟು ಮೆತ್ತಗೆ ಕೇಳಿದ್ದಿಲ್ಲ. ಅವರು ಎದ್ದು ಹೋದ ಮೇಲೆ ದೇವರ ಮುಂದೆ ಸ್ವಲ್ಪ ಹೊತ್ತು ಕೂತೆ.

ಮೂರು ದಿನಕ್ಕೆ ಪೀಪಾಯಿ ಬಂತು. ಬೆಳಗಿನ ಎಂಟೂವರೆ, ಚೊಕ್ಕ ಬಿಸಿಲು. ವ್ಯಾಗನ್ನು ಖಾಲಿಯಾಗಿ ಹೊರಟುಹೋಯಿತು. ಮೊದಲಿನ ಎರಡು ಪೀಪಾಯಿ ಲಾರಿಯಲ್ಲಿ ಹೋಗಿ ದೋಣಿಗಿಳಿದವು. ಉಳಿದ ನಾಲ್ಕು ಕಟ್ಟೆಯ ಮೇಲೆ ಸಾಲಾಗಿ, ತುದಿಗೆ ಇಟ್ಟಿಗೆ ಚೂರು. ಕೆಳಗೆ ಚಪ್ಪರದಲ್ಲಿ ಐವತ್ತು ಜನ, ಅವರ ನಡುವೆ ಅಕ್ಕನ ಮಗಳು.

ಇನ್ನೊಂದು ಸಂಗತಿ ಇಲ್ಲಿ ಹೇಳಬೇಕು. ಅದನ್ನು ಭಾವನೇ ನನಗೆ ಹೇಳಿದ್ದು, ಮುಚ್ಚಿಡದೆ. ಪೀಪಾಯಿಯ ಒಂದು ಮುಖದಲ್ಲಿ ಎರಡು ವಾಲ್ವುಗಳಿರುತ್ತವೆ. ಅವುಗಳಿಗೆ ಪೆಟ್ಟು ಬೀಳದಿರಲೆಂದು ಮೇಲೊಂದು ಉಕ್ಕಿನ ಮುಚ್ಚಳ, ಅದಕ್ಕೆ ಮೂರು ಬೋಲ್ಟು. ಕೆಲಸದವರು ಅದನ್ನು ಟೋಪಿ ಎನ್ನುತ್ತಾರೆ. ಪೀಪಾಯಿಯ ನಂಬರು ಕೆತ್ತಿರುವುದು ಟೋಪಿಯ ಅಡಿಯಲ್ಲಿ. ಎಣಿಕೆಯವರು ಟೋಪಿ ಬಿಚ್ಚಬೇಕು, ನಂಬರು ಬರೆದುಕೊಳ್ಳಬೇಕು, ಮತ್ತೆ ಮೂರೂ ಬೋಲ್ಟು ಬಿಗಿಯಬೇಕು. ಆರು ಪೀಪಾಯಿಗೆ ಹದಿನೆಂಟು ಬೋಲ್ಟು. ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ, ಹಮಾಲರು ಹಾರೆ ಹಿಡಿದು ನಿಂತಿರುತ್ತಾರೆ. ಎಣಿಸುವವರೆಲ್ಲ ಒಂದೇ ಬೋಲ್ಟನ್ನು ಕೈಯಲ್ಲೇ ತಿರುವಿ ಬಿಟ್ಟುಬಿಡುತ್ತಿದ್ದರು. ಹೇಗೂ ಆಚೆ ದಡದಲ್ಲಿ ಮತ್ತೆ ಬಿಚ್ಚುವುದೇ ಅಲ್ಲವೇ. ಬೆಣೆಗಾಗಿ ಹತ್ತೊಂಬತ್ತು ಕಾಗದ ಬರೆದ ನನ್ನ ಭಾವನೂ ಹಾಗೆಯೇ ಮಾಡುತ್ತಿದ್ದರು.

ತುದಿಯ ಇಟ್ಟಿಗೆ ಪುಡಿಯಾಯಿತು. ಒಂದೂವರೆ ಟನ್ನು ಮೆಲ್ಲಗೆ ಹೊರಟಿತು, ಅವಸರವಿಲ್ಲದೆ. ಇಬ್ಬರು ಹಮಾಲರು ಹಾರೆ ಕೊಟ್ಟರು, ನಿಲ್ಲಲಿಲ್ಲ. ಉರುಳುತ್ತಾ ಓರೆಯಾದ ಪೀಪಾಯಿಯ ಮುಖ ಕಟ್ಟೆಯಂಚಿನ ಕಬ್ಬಿಣದ ಕಂಬಕ್ಕೆ ಬಡಿದು ನಿಂತಿತು. ಒಂದೇ ಬೋಲ್ಟಿನಲ್ಲಿ ನೇತಾಡುತ್ತಿದ್ದ ಟೋಪಿ ಕಿತ್ತು ಹಾರಿತು. ಎರಡು ವಾಲ್ವುಗಳಲ್ಲಿ ಒಂದಕ್ಕೆ ಪೆಟ್ಟು ಬಿತ್ತು, ಅದೂ ಕೆಳಗಡೆಯದಕ್ಕೆ. ಹಾವು ಬುಸುಗುಟ್ಟಿದ ಹಾಗೆ ಸದ್ದು. ಆಮೇಲೆ ಹಸಿರು ಬೆರೆತ ಹಳದಿ ಬಣ್ಣದ್ದೊಂದು ನೆಲದ ಮೇಲೆ ಹಾಸಿಕೊಂಡು, ಕಟ್ಟೆಯ ಅಂಚು ದಾಟಿ, ಮೆಟ್ಟಿಲಿಗೆ ಇಳಿಯತೊಡಗಿತು.

ಭಾವ ಅಂಚಿಗೆ ಓಡಿ ಕೂಗಿದರು. ಎಂಬತ್ತು ಮೆಟ್ಟಿಲ ಕೆಳಗೆ ಮಾತು ತಲುಪುವಂತಿರಲಿಲ್ಲ. ಅವರು ಎರಡೂ ಕೈಯಿಂದ ಬಲಗಡೆಯ ಗುಡ್ಡ ತೋರಿಸಿದರು. ಗಾಳಿ ಅಂದು ಬಲಗಡೆಯಿಂದ ಬೀಸುತ್ತಿತ್ತು.

ಕೆಳಗಿನದನ್ನು ಅಕ್ಕನ ಮಗಳು ನನಗೆ ಹೇಳಿದಳು. ಜನ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ, ಹೊಳೆಯ ಕಡೆ ನುಗ್ಗಿದ್ದು. ಕೆಲವರು ಮೆಟ್ಟಿಲ ಕಡೆ. "ಚಿಕ್ಕಮ್ಮಾ, ಅಪ್ಪನ ಕೈ ನೋಡಿದ್ದೇ ನನಗೆ ಊಟದ ತಟ್ಟೆ ನೆನಪಾಯ್ತು. 'ಎಲ್ರೂ ನನ್ನ ಹಿಂದೆ ಬನ್ನಿ, ಸಾಲಾಗಿ,' ಅಂತ ಕ್ಲಾಸಿನಲ್ಲಿ ಕೂಗೋ ಹಾಗೆ ಕೂಗಿಬಿಟ್ಟೆ. ದೊಡ್ಡೋರು ಅಂತಾನೂ ನೋಡ್ಲಿಲ್ಲ. ಒಬ್ಬರು ತಾತ, 'ಹೊಳೆಗೆ ಬಿದ್ರೆ ಬದುಕ್ತೀವಿ ಕಣಮ್ಮ,' ಅಂದ್ರು. 'ತಾತ, ಅದೂ ಹೊಳೆಗೇ ಬರ್ತಿದೆ,' ಅಂದು ಕೈ ಹಿಡಿದು ಎಳೆದೆ." ಐವತ್ತೂ ಜನ ಗುಡ್ಡ ಹತ್ತಿದರು. ಚಪ್ಪರ ಖಾಲಿಯಾದ ಎರಡು ನಿಮಿಷಕ್ಕೆ ಹಳದಿ ಅದರೊಳಗೆ ಹೊಕ್ಕು ನಿಂತಿತಂತೆ.

ಮೇಲೆ ಕಟ್ಟೆಯಲ್ಲಿ ಉಸಿರಾಟದ ಮುಖವಾಡ ಇರಲಿಲ್ಲ. ಅದು ಆಚೆ ದಡದ ಘಟಕದಲ್ಲಿತ್ತು. ಇಲಾಖೆಯ ಜವಾಬ್ದಾರಿ ಅಲ್ಲಿಂದ ತಾನೇ ಶುರು. ಹಾರ್ನಣ್ಣ ಅಷ್ಟರಲ್ಲಿ ಲಾರಿ ತಂದಿದ್ದ. ಇಳಿದು ಓಡಿಹೋಗಬಹುದಿತ್ತು. ತಲೆಗೆ ಸುತ್ತಿದ್ದ ಟವೆಲ್ಲನ್ನು ನೀರಲ್ಲಿ ಅದ್ದಿ ಹರಿದು ಅರ್ಧ ಭಾವನಿಗೆ ಕೊಟ್ಟ, ಅರ್ಧ ತನ್ನ ಮೂಗಿಗೆ ಕಟ್ಟಿಕೊಂಡ. "ಏನ್ಮಾಡ್ಬೇಕು ಹೇಳಿ ಬೆಣೆಯಪ್ಪನೋರೇ, ಬೇಗ."

"ಉರುಳಿಸ್ಬೇಕು. ಸೋರೋ ಬಾಯಿ ಮೇಲಕ್ಕೆ ಬರ್ಬೇಕು."

ಬಾಯಿ ಕೆಳಗಿದ್ದರೆ ಹೊರಬರುವುದು ದ್ರವ. ಅದು ನಾನೂರು ಪಟ್ಟು ಹಿಗ್ಗುತ್ತದೆ. ಬಾಯಿ ಮೇಲೆ ಬಂದರೆ ಗಾಳಿ ಮಾತ್ರ ಸೋರುತ್ತದೆ, ಅದು ಹಾಗೆ ಹಿಗ್ಗುವುದಿಲ್ಲ. ಇಬ್ಬರು ಹಮಾಲರು, ಹಾರ್ನಣ್ಣ, ಭಾವ, ನಾಲ್ವರೂ ಗಾಳಿ ಬರುವ ಕಡೆ ನಿಂತು ಹಾರೆ ಕೊಟ್ಟು ಅರ್ಧ ಸುತ್ತು ಉರುಳಿಸಿದರು. ಬುಸುಗುಡುವುದು ಸಣ್ಣದಾಯಿತು. ಆಮೇಲೆ ಭಾವ ಒಬ್ಬರೇ ಹತ್ತಿರ ಹೋಗಿ, ಬಗ್ಗಿ, ವಾಲ್ವಿನ ನಟ್ಟನ್ನು ಸ್ಪ್ಯಾನರಿನಲ್ಲಿ ಕಾಲು ಸುತ್ತು ಬಿಗಿದರು. ಸದ್ದು ನಿಂತಿತು. ಬಗ್ಗಿದ್ದು ಹತ್ತು ಉಸಿರಿನಷ್ಟು ಹೊತ್ತು. ಅಷ್ಟು ಸಾಕಾಯಿತು.

ಇಪ್ಪತ್ತೆರಡು ದಿನ ಆಸ್ಪತ್ರೆ. ಜೀವ ಉಳಿಯಿತು, ಎದೆ ಉಳಿಯಲಿಲ್ಲ. ಹತ್ತು ಹೆಜ್ಜೆ ನಡೆದರೆ ಕೆಮ್ಮು, ಮಾತು ಮುಗಿಯುವ ಮೊದಲೇ ಏದುಸಿರು. ಕೆಲಸಕ್ಕೆ ಹೋಗುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು.

ವಿಚಾರಣೆಗೆ ಮೂರೂ ಕಡೆಯವರು ಬಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಬಾಗಿಲನ್ನೂ ಹಾಕಲಿಲ್ಲ. ಘಟನೆ ನಡೆದಾಗ ಪೀಪಾಯಿ ನಮ್ಮ ವಶದಲ್ಲಿರಲಿಲ್ಲ ಎಂದು ರೈಲಿನವರು ಬರೆದರು, ನಮ್ಮ ವಶಕ್ಕೆ ಇನ್ನೂ ಬಂದಿರಲಿಲ್ಲ ಎಂದು ಲಾರಿಯ ಕಂಪನಿಯವರು, ನಾವು ಇನ್ನೂ ಪಡೆದಿರಲಿಲ್ಲ ಎಂದು ನೀರಿನ ಇಲಾಖೆಯವರು. ಮೂರೂ ನಿಜ.

ಭಾವ ಹಾಸಿಗೆಯಲ್ಲೇ ಕೂತು ತಮ್ಮ ಹೇಳಿಕೆ ಬರೆದರು. ಬೆಣೆಯ ವಿಷಯ ಒಂದು ಪುಟ, ಬೋಲ್ಟಿನ ವಿಷಯ ಒಂದು ಪುಟ. ಮೂರು ಬೋಲ್ಟು ಹಾಕಬೇಕಾದ ಕಡೆ ನಾನು ಒಂದು ಹಾಕಿದ್ದೆ, ಇದು ನನ್ನ ತಪ್ಪು, ಎಲ್ಲ ಎಣಿಕೆಯವರೂ ಹೀಗೇ ಮಾಡುತ್ತೇವೆ, ಇದನ್ನು ನಿಲ್ಲಿಸಿ, ಎಂದು.

"ಬೋಲ್ಟಿನ ಪುಟ ಯಾಕ್ರೀ ಕೊಡ್ತೀರಿ? ಯಾರೂ ಕೇಳಿಲ್ಲ. ಸುಮ್ನೆ ನಿಮ್ಮ ತಲೆ ಮೇಲೇ ಗೂಬೆ ಕೂರಿಸ್ತಾರೆ," ಎಂದಳು ಅಕ್ಕ.

"ಕೂರಿಸ್ಲಿ ಕಣೇ. ಯಾರ ತಲೆ ಮೇಲಾದ್ರೂ ಕೂತ್ರೆ ತಾನೇ ಅದನ್ನ ಓಡಿಸೋರು ಬರೋದು?"

ಎರಡು ತಿಂಗಳಿಗೆ ವರದಿಯ ಪ್ರತಿ ಬಂತು. ಜಗಲಿಯಲ್ಲಿ ನಾನೇ ಓದಿದೆ, ಅವರಿಗೆ ಗಟ್ಟಿಯಾಗಿ ಓದಲು ಉಸಿರು ಸಾಲದು. ಘಟನೆಯ ಸ್ಥಳ ಎಂಬ ಕಡೆ 'ಅನ್ವಯಿಸುವುದಿಲ್ಲ' ಎಂದಿತ್ತು. ಹೊಣೆ ಎಂಬ ಕಡೆ ಒಂದು ಗೆರೆ. ಗುಮಾಸ್ತರ ಹೇಳಿಕೆಯು ಎಣಿಕೆಗೆ ಸಂಬಂಧಿಸಿಲ್ಲವಾದ್ದರಿಂದ ಪರಿಗಣಿಸಿಲ್ಲ. ಜಪ್ತಿಯಾದ ನಾಲ್ಕು ಮರದ ತುಂಡುಗಳನ್ನು ಕಚೇರಿಯಲ್ಲಿ ಭದ್ರವಾಗಿ ಇಡಲಾಗಿದೆ.

ಭಾವ ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂಬದಿಯನ್ನೂ ತಿರುವಿ ನೋಡಿದರು. ಆಮೇಲೆ ಕೇಳಿದರು, "ನನ್ನ ತಪ್ಪನ್ನೂ ತಗೊಳ್ಲಿಲ್ವಾ?"

"ಇಲ್ಲ ಭಾವ."

"ಬೈಯಲೂ ಇಲ್ಲ?"

"ಇಲ್ಲ."

"ಬೈದಿದ್ರೆ ಬೋಲ್ಟಾದ್ರೂ ಸರಿಹೋಗ್ತಿತ್ತು," ಎಂದರು. ಆಮೇಲೆ ಕೆಮ್ಮು ಹಿಡಿಯಿತು. ಅದು ಕೆಮ್ಮೋ ಬೇರೆ ಏನೋ ನಾನು ನೋಡಲು ಹೋಗಲಿಲ್ಲ, ಸೂಜಿಗೆ ದಾರ ಪೋಣಿಸುತ್ತಾ ಕೂತೆ.

ಅಕ್ಕ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಗರಗಸ ಹಿಡಿದು ಬಂದು ಜಗಲಿಯ ಮೇಲಿಟ್ಟಳು. "ಇನ್ನೂ ಎರಡು ಕಾಲಿವೆ. ನಿಮ್ಮ ಕೈಲಿ ಆಗಲ್ಲ, ಎಲ್ಲಿ ಕೊಯ್ಬೇಕು ಅಂತ ಗೆರೆ ಹಾಕಿಕೊಡಿ."

"ಕೊಯ್ದು ಏನ್ಮಾಡ್ತೀಯೇ? ಮತ್ತೆ ಜೀಪಿಗೆ ಹಾಕ್ಕೊಂಡು ಹೋಗ್ತಾರೆ."

ಆಗ ಮಗಳು ಬಾಯಿ ಹಾಕಿದಳು. "ಅಪ್ಪಾ, ಕಟ್ಟೆ ಮೇಲಿನ ಸಾಮಾನಿಗೆ ಮೊಹರು ಬೇಕು, ಸರಿ. ಪ್ರಯಾಣಿಕರ ಬ್ಯಾಗಿನಲ್ಲಿರೋ ಮರದ ತುಂಡಿಗೆ ಯಾವ ಪುಸ್ತಕದಲ್ಲಿ ಏನು ಬರೆದಿದೆ?"

ಭಾವ ಮೂರೂ ಪುಸ್ತಕ ತರಿಸಿ ಹುಡುಕಿದರು. ಪ್ರಯಾಣಿಕರು ಏನೇನು ಒಯ್ಯಬಾರದು ಎಂಬ ಪಟ್ಟಿಯಲ್ಲಿ ಪಟಾಕಿ, ಸೀಮೆಎಣ್ಣೆ, ಆಸಿಡ್ಡು ಎಲ್ಲ ಇದ್ದವು. ಮಂಚದ ಕಾಲು ಇರಲಿಲ್ಲ.

ಅಂದಿನಿಂದ ಪೀಪಾಯಿ ಬರುವ ದಿನ ಮಗಳು ಎರಡು ಬ್ಯಾಗು ಹಿಡಿದು ಹೊರಡುತ್ತಾಳೆ. ಒಂದರಲ್ಲಿ ಮಕ್ಕಳ ನೋಟ್‌ಬುಕ್ಕು, ಊಟದ ಡಬ್ಬಿ. ಇನ್ನೊಂದರಲ್ಲಿ ನಾಲ್ಕು ಬೆಣೆ. ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಹತ್ತಿ ಕಟ್ಟೆಗೆ ಹೋಗುತ್ತಾಳೆ. ಹಮಾಲರು ಅವನ್ನು ತೆಗೆದುಕೊಂಡು ಪೀಪಾಯಿಗೆ ಕೊಡುತ್ತಾರೆ. ಹೊಸದಾಗಿ ಬಂದ ಎಣಿಕೆಯವನ ಪಕ್ಕದಲ್ಲಿ ನಿಂತು ಬೋಲ್ಟು ಎಣಿಸುತ್ತಾಳೆ, ಒಂದು, ಎರಡು, ಮೂರು, ಶಾಲೆಯ ದನಿಯಲ್ಲಿ. ಅವನಿಗೆ ಸಿಟ್ಟು ಬರುತ್ತದಂತೆ, ಆದರೂ ಹಾಕುತ್ತಾನೆ. ಕೊನೆಯ ಪೀಪಾಯಿ ಲಾರಿ ಹತ್ತಿದ ಮೇಲೆ ಬೆಣೆ ಬ್ಯಾಗಿಗೆ ಹಾಕಿಕೊಂಡು ದೋಣಿಗೆ ಇಳಿಯುತ್ತಾಳೆ. ಬೆಣೆ ಕೂತ ಕೂಡಲೇ ಹಾರ್ನಣ್ಣ ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಗಾಳಿ ಈ ಕಡೆಗಿದ್ದರೆ ನಮ್ಮ ಜಗಲಿಗೆ ಕೇಳಿಸುತ್ತದೆ. ಕೇಳಿಸುವವರೆಗೆ ಭಾವ ಕಾಫಿ ಮುಟ್ಟುವುದಿಲ್ಲ.

ಮಂಚ ಈಗ ನಾಲ್ಕೂ ಕಡೆ ಇಟ್ಟಿಗೆಯ ಮೇಲೆ ನಿಂತಿದೆ. ಅಕ್ಕ ಚಾದರ ಎಳೆದು ಮುಚ್ಚುವುದನ್ನು ಬಿಟ್ಟಿದ್ದಾಳೆ.

ಇದರಿಂದ ಭಾವನಿಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಾರ್ನ್ ಕೇಳಿದರೂ ಗೊಣಗುತ್ತಾರೆ. "ಇದೊಂದು ವ್ಯವಸ್ಥೆನಾ? ಊರಿಗೆಲ್ಲ ನೀರು ಕುಡಿಸೋ ಕೆಲಸ ಒಬ್ಬ ಟೀಚರಮ್ಮನ ಬ್ಯಾಗಿನಲ್ಲಿ ಹೋಗುತ್ತೆ." ಕಳೆದ ವಾರ ಮಗಳಿಗೆ ಜ್ವರ ಬಂತು. ಪೀಪಾಯಿ ಬರುವ ದಿನವೇ. ಭಾವ ಬೆಳಿಗ್ಗೆ ಆರಕ್ಕೇ ಎದ್ದು ಅಂಗಿ ತೊಟ್ಟು ಬಾಗಿಲವರೆಗೆ ಹೋದರು, ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಮುಂದಕ್ಕೆ ಕಾಲು ಬರಲಿಲ್ಲ, ಉಸಿರು ಬರಲಿಲ್ಲ. "ಇವಳಿಗೆ ಜ್ವರ ಬರುತ್ತೆ, ಪೀಪಾಯಿಗೆ ಜ್ವರ ಬರಲ್ಲ," ಎಂದು ಚೌಕಟ್ಟಿಗೆ ಅಂಗೈಯಿಂದ ಗುದ್ದಿದರು.

ಅಕ್ಕ ಅಡುಗೆಮನೆಯಿಂದ ಬಂದು ಬ್ಯಾಗು ಎತ್ತಿಕೊಂಡಳು. ನೀರನ್ನು ಕಂಡರೆ ಅವಳಿಗೆ ಚಿಕ್ಕಂದಿನಿಂದ ಭಯ. ಈ ಊರಿಗೆ ಮದುವೆಯಾಗಿ ಬಂದು ಮೂವತ್ತು ವರ್ಷವಾದರೂ ಒಮ್ಮೆಯೂ ದೋಣಿ ಹತ್ತಿದವಳಲ್ಲ.

"ನೀನೆಲ್ಲಿಗೆ?" ಎಂದರು ಭಾವ.

"ಆಚೆ ದಡಕ್ಕೆ."

"ಆಚೆ ದಡದಲ್ಲಿ ನಿನಗೇನು ಕೆಲಸ?"

"ಟಿಕೆಟ್ ಕೊಡೋರು ಅದನ್ನ ಕೇಳಲ್ಲ," ಎಂದು ಚಪ್ಪಲಿ ಮೆಟ್ಟಿದಳು.

ಭಾವ ಜಗಲಿಯಲ್ಲಿ ಕೂತರು. ನಾನು ಯಂತ್ರ ತುಳಿಯಲಿಲ್ಲ, ಸದ್ದಿಗೆ ಹಾರ್ನ್ ಕೇಳಿಸದೆ ಹೋದೀತೆಂದು. ಒಂಬತ್ತಾಯಿತು, ಒಂಬತ್ತೂಕಾಲಾಯಿತು. ಆಮೇಲೆ ಹಾರ್ನ್ ಕೇಳಿತು, ಎರಡು ಸಲ. ಭಾವ ತಣ್ಣಗಾದ ಕಾಫಿ ಎತ್ತಿಕೊಂಡರು.

ಹನ್ನೆರಡಕ್ಕೆ ಅಕ್ಕ ವಾಪಸು ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಬ್ಯಾಗು ಇಳಿಸಿ, ಸೆರಗಿನ ಗಂಟು ಬಿಚ್ಚಿ ಟಿಕೆಟ್ ತೆಗೆದು ಭಾವನ ಮುಂದಿಟ್ಟಳು. ಅದು ಹರಿದಿರಲಿಲ್ಲ. ದೋಣಿ ಹತ್ತುವಾಗ ಹರಿಯುತ್ತಾರೆ.

"ಹತ್ತಲಿಲ್ವಾ?"

"ಹತ್ತೋದು ಯಾಕೆ? ಟಿಕೆಟ್ ಇದ್ರೆ ಸಾಕಲ್ಲ, ನಾನು ಪ್ರಯಾಣಿಕಳೇ. ಆ ಹೊಸ ಹುಡುಗ ಎರಡೇ ಬೋಲ್ಟ್ ಹಾಕಿ ಏಳ್ತಿದ್ದ. ಟೋಪಿ ಮೇಲೇ ಕೈಯಿಟ್ಟು ನಿಂತ್ಕೊಂಡೆ, ಮೂರನೇದು ಹಾಕೋವರೆಗೂ ಎತ್ತಲಿಲ್ಲ."

ಭಾವ ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಹಾಳೆ ಕೇಳಿದರು. ಇಪ್ಪತ್ತನೆಯ ಕಾಗದ ಬರೆಯಬೇಕಿತ್ತು. ಬಗ್ಗಿ ಬರೆದರೆ ಕೆಮ್ಮು ಬರುತ್ತದೆ, ನೀನೇ ಬರಿ, ಎಂದರು. ನಾನು ಪೆನ್ನು ಹಿಡಿದು ಕೂತೆ.

"ಯಾರಿಗೆ ಅಂತ ಬರೀಲಿ ಭಾವ?"

ಅವರು ಮೂರೂ ಪುಸ್ತಕಗಳನ್ನು ಒಂದೊಂದಾಗಿ ತೆರೆದು ಮುಚ್ಚಿದರು. ಹಾಳೆಯ ಮೇಲ್ತುದಿ ಇನ್ನೂ ಖಾಲಿಯಿದೆ.